ಹಿಮಕಾಲಕ್ಕೆ ಹಸುರುಮನೆಯನ್ನು ಸಿದ್ಧಮಾಡುವ ಕ್ರಮ

ನಮ್ಮ ಸೀಮೆಯಲ್ಲಿ ಚಳಿಗಾಲವೆಂದರೆ ಅವರೆಯೂ ಸೊಪ್ಪೂ ಹೇರಳವಾಗಿ ದೊರೆಯುವ ಕಾಲವಾಗಿದೆ. ಭಾರತದ ಉತ್ತರದ ತುದಿಯಲ್ಲಿರುವ ಲಡಾಖಿನಲ್ಲಿಯಾದರೋ ಅದೇ ಕಾಲದಲ್ಲಿ ನೆಲವು ಕಲ್ಲಿನಂತೆ ಗಟ್ಟಿಯಾಗುವದು. ಅಲ್ಲಿಯ ಮುಖ್ಯ ಪಟ್ಟಣವಾದ ಲೇಹವು ಸಮುದ್ರಮಟ್ಟಕ್ಕಿಂತ ಸುಮಾರು 3,500 ಮೀಟರು ಎತ್ತರದಲ್ಲಿರುತ್ತದೆ. ಜನವರಿಯ ರಾತ್ರಿಗಳಲ್ಲಿ ಉಷ್ಣಮಾನವು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವದುಂಟು. ಘಾಟಿಯ ದಾರಿಗಳು ಹಿಮದಿಂದ ಮುಚ್ಚಿಹೋದಾಗ ಹಸಿ ಕಾಯಿಪಲ್ಯವು ವಿಮಾನದಿಂದಲೇ ಬರಬೇಕು. ಅಂಥಾದ್ದು ಬಡ ರೈತನ ಮನೆಗೆ ತಲಪುವದು ಅಪರೂಪ. ಒಣಗಿಸಿದ ಸೊಪ್ಪು, ಕುಣಿಯಲ್ಲಿ ಹೂತಿಟ್ಟ ಮೂಲಂಗಿ, ಬಾರ್ಲಿಯ ಹಿಟ್ಟು, ಇವುಗಳಿಂದಲೇ ಮಕ್ಕಳೂ ಮುದುಕರೂ ತಿಂಗಳುಗಟ್ಟಲೆ ದಿನ ಕಳೆಯಬೇಕಾಗುತ್ತಿತ್ತು.

ಹೀಗಿದ್ದರೂ ಆ ಸೀಮೆಗೆ ಬಿಸಿಲಿನ ಕೊರತೆಯಿಲ್ಲ. ಮಳೆಯು ಬಹು ಸ್ವಲ್ಪ. ವರುಷದಲ್ಲಿ 300ಕ್ಕೂ ಹೆಚ್ಚು ದಿನ ಸೂರ್ಯನು ಪ್ರಕಾಶಿಸುವನು. ಆದದರಿಂದ ಅಲ್ಲಿಯ ರೈತರು ಸೌದೆಯನ್ನು ಸುಡದೆ ಬಿಸಿಲೊಂದರಿಂದಲೇ ನಡೆಯುವ ಹಸುರುಮನೆಗಳನ್ನು ಕಟ್ಟಿಕೊಂಡಿದ್ದಾರೆ. ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗ್ರಹಿಸತಕ್ಕದ್ದು. ಹಸುರುಮನೆಯು ಶಾಖವನ್ನು ಹುಟ್ಟಿಸುವದಿಲ್ಲ, ಹಗಲಿನಲ್ಲಿ ಬಂದದ್ದನ್ನು ರಾತ್ರಿಯ ತನಕ ಕಾದಿಡುತ್ತದೆ ಅಷ್ಟೇ.

ಕಟ್ಟಡದ ಉದ್ದವು ಪೂರ್ವಪಶ್ಚಿಮವಾಗಿರಬೇಕು. ದಕ್ಷಿಣದ ಕಡೆಗೆ ಬಿಸಿಲಿಗೆ ಬೇಗನೆ ಹಾಳಾಗದ ದಪ್ಪ ಪಾಲಿಥಿನ್ ಹಾಳೆಯನ್ನು ಇಳಿಜಾರಾಗಿ ಬಿಗಿಯುವರು. ಯಾಕಂದರೆ ಡಿಸೆಂಬರಿನಲ್ಲಿ ಲೇಹದ ನಡುಹಗಲಿನ ಸೂರ್ಯನು ದಕ್ಷಿಣ ದಿಗಂತದಿಂದ ಸುಮಾರು 32 ಡಿಗ್ರಿ ಮಾತ್ರ ಮೇಲಕ್ಕೆ ಬರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ 53 ಡಿಗ್ರಿಗಿಂತಲೂ ಹೆಚ್ಚು. ಉತ್ತರದ ಗೋಡೆಯನ್ನು ಹಸಿ ಇಟ್ಟಿಗೆಗಳಿಂದ ಎರಡು ಪದರವಾಗಿ ಎಬ್ಬಿಸಿ, ನಡುವೆ ಸುಮಾರು ನಾಲ್ಕು ಅಂಗುಲ ಎಡೆಬಿಟ್ಟು ಅದರಲ್ಲಿ ಹುಲ್ಲನ್ನಾಗಲಿ ಮರದ ಹೊಟ್ಟನ್ನಾಗಲಿ ತುಂಬುವರು. ಒಳಗೋಡೆಗೆ ಕಪ್ಪು ಬಳಿದರೆ ಅದು ಹಗಲೆಲ್ಲಾ ಬಿಸಿಲನ್ನು ಕುಡಿದು ರಾತ್ರಿ ಮೆಲ್ಲಗೆ ಬಿಡುವದು. ತುಂಬಿದ ಹುಲ್ಲು ಆ ಶಾಖವನ್ನು ಹೊರಗೆ ಹೋಗಗೊಡಿಸದು. ಇಷ್ಟು ಕಟ್ಟಲು ಶಕ್ತಿಯಿಲ್ಲದವರು ಎರಡು ಮೂರು ಅಡಿ ಆಳದ ಕಂದಕವನ್ನು ತೋಡಿ ಮೇಲೆ ಹಾಳೆಯನ್ನು ಹೊದಿಸುವದೂ ಉಂಟು.

ಚಳಿಯು ಬಂದ ಮೇಲೆ ಸಿದ್ಧತೆ ಮಾಡುವವನು ಕೆಟ್ಟನೆಂದೇ ಹೇಳಬೇಕು. ಪಾಲಕ, ಮೆಂತ್ಯ, ಕೊತ್ತಂಬರಿ, ಸಾಸಿವೆ ಸೊಪ್ಪು, ಇವುಗಳ ಬೀಜವನ್ನು ಸೆಪ್ಟೆಂಬರಿನಲ್ಲಿಯೇ ಬಿತ್ತಿ, ಕೊರೆಯುವ ಚಳಿಗೆ ಮುಂಚೆ ಬೇರೂರುವ ಹಾಗೆ ನೋಡಿಕೊಳ್ಳತಕ್ಕದ್ದು. ಡಿಸೆಂಬರಿನಲ್ಲಿ ಹಗಲು ಹತ್ತು ಗಂಟೆಗಿಂತಲೂ ಕಡಿಮೆಯಾಗುವದರಿಂದ ಎಳೆಯ ಸಸಿಯು ನಿಂತಲ್ಲೇ ನಿಲ್ಲುವದು. ಬೆಳೆದುಕೊಂಡ ಗಿಡವಾದರೆ ಕೊಯ್ಲನ್ನು ಕೊಡುತ್ತಲೇ ಇರುವದು. ಅದೇ ತಿಂಗಳಲ್ಲಿ ಚೆನ್ನಾಗಿ ಕೊಳೆತ ಗೊಬ್ಬರವನ್ನು ಮಡಿಗಳಲ್ಲಿ ಬೆರಸಿ, ಹಾಳೆಯ ಹರುಕುಗಳನ್ನು ಅಂಟಿಸಿ, ಬಾಗಿಲಿನ ಸಂದುಗಳಿಗೆ ಮಣ್ಣು ಮೆತ್ತಬೇಕು. ಸಂದುಗಳನ್ನು ಹುಡುಕುವದಕ್ಕೆ ಸುಲಭವಾದ ಉಪಾಯವೊಂದಿದೆ: ಗಾಳಿಯಿರುವ ದಿನ ಬಾಗಿಲು ಮುಚ್ಚಿ, ಹೊಗೆಯಾಡುವ ಊದುಬತ್ತಿಯನ್ನು ಗೋಡೆಯುದ್ದಕ್ಕೂ ಹಿಡಿದು ನಡೆಯಿರಿ. ಹೊಗೆಯು ಎಲ್ಲಿ ಓಲಾಡುತ್ತದೋ ಅಲ್ಲಿ ಕಿಂಡಿಯುಂಟು. ಆದರೆ ಹೊಗೆಯ ಕೆಂಡವು ಹಾಳೆಗೆ ತಗಲದಿರಲಿ!

ಇನ್ನು ದಿನಚರಿಯ ಮಾತು. ಇಲ್ಲಿಯೇ ಬಹುಮಂದಿ ತಪ್ಪುವರು. ಚಳಿಯಾದದರಿಂದ ಮನೆಯನ್ನು ಯಾವಾಗಲೂ ಮುಚ್ಚಿಯೇ ಇಡಬೇಕೆಂದು ನಾವೂ ಮೊದಲು ಎಣಿಸಿದ್ದೆವು. ಸಂಗತಿಯು ಹಾಗಲ್ಲ. ಬಿಸಿಲೇರಿದ ನಡುಹಗಲಿನಲ್ಲಿ ಹೊರಗೆ ನೀರು ಹೆಪ್ಪುಗಟ್ಟಿದ್ದರೂ ಒಳಗೆ ಸೆಕೆಯಾಗುವದು. ಎಲೆಗಳಿಂದ ಎದ್ದ ಹಬೆಯು ಹಾಳೆಗೆ ತಗಲಿ ಹನಿಯಾಗಿ ಬಿದ್ದು ಸೊಪ್ಪಿಗೆ ಬೂಜುರೋಗವನ್ನು ತರುವದು. ಆದಕಾರಣ ದಿನಾಲು ನಡುಹಗಲಿನಲ್ಲಿ ಸ್ವಲ್ಪ ಹೊತ್ತು ಗಾಳಿಕಿಂಡಿಯನ್ನು ತೆರೆದು, ಬಿಸಿಲು ಇಳಿಯುವದಕ್ಕೆ ಮುಂಚೆಯೇ ತಪ್ಪದೆ ಮುಚ್ಚಬೇಕು. ಒಂದು ಸಂಜೆ ಮರೆತರೆ ಮೂರು ತಿಂಗಳ ಪ್ರಯಾಸವು ಆ ರಾತ್ರಿಯೇ ಕರಗಿಹೋಗಬಹುದು. ಈ ಕೆಲಸವನ್ನು ಮನೆಯಲ್ಲಿ ಒಬ್ಬರಿಗೇ ಒಪ್ಪಿಸಿರುವದು ಒಳ್ಳೇದೆಂದು ನಮ್ಮ ಅಭಿಪ್ರಾಯ. ಎಲ್ಲರ ಕೆಲಸವಾದರೆ ಯಾರೂ ಮಾಡರು. ಸಂಜೆ ಹಾಳೆಯ ಒಳಗಡೆ ಬಟ್ಟೆಯ ಪರದೆಯನ್ನು ಎಳೆದು, ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೆ ಸರಿಸಬೇಕು. ಹಿಮ ಬಿದ್ದರೆ ಮೆತ್ತನೆಯ ಪೊರಕೆಯಿಂದ ಆಗಲೇ ಗುಡಿಸತಕ್ಕದ್ದು.

ನೀರನ್ನು ಬೆಳಿಗ್ಗೆಯೇ, ಅದೂ ಮಿತವಾಗಿ, ಬುಡಕ್ಕೆ ಹೊಯ್ಯಬೇಕು; ಸಾಯಂಕಾಲ ಎಂದಿಗೂ ಬೇಡ. ಹೊರಗಿನ ಹಿಮನೀರು ಬೇರುಗಳನ್ನು ಸೆಡೆಯಿಸುವದರಿಂದ, ಹಿಂದಿನ ದಿನವೇ ತಂದು ಒಳಗಿನ ಪೀಪಾಯಿಯಲ್ಲಿ ತುಂಬಿಟ್ಟ ನೀರೇ ಉತ್ತಮ.

ಇಷ್ಟು ಮಾಡಿದರೂ ಒಂದು ಕಠಿಣ ರಾತ್ರಿಯ ನಂತರ ಪಾಲಕದ ಎಲೆಗಳು ಗಾಜಿನಂತೆ ಸೆಟೆದಿರುವದನ್ನು ಕಾಣಬಹುದು. ಅದಕ್ಕೆ ಎದೆಗುಂದಿ ಕಿತ್ತುಹಾಕಬೇಡಿರಿ, ಮುಟ್ಟಲೂ ಬೇಡಿರಿ. ಹೆಪ್ಪುಗಟ್ಟಿದ ಎಲೆಯು ಕೈ ತಗಲಿದರೆ ಜಜ್ಜಿಹೋಗುವದು. ಬಿಸಿಲು ಏರಿದ ಮೇಲೆ ಅನೇಕ ಸಾರಿ ಅದೇ ಎಲೆಯು ಮೊದಲಿನ ಹಾಗೆ ಚೇತರಿಸಿಕೊಳ್ಳುವದು. ಕೊಯ್ಯುವದನ್ನು ಆಗ ಮಾಡಬಹುದು. ಹೊರಗಿನ ಎಲೆಗಳನ್ನು ಮಾತ್ರ ಕೊಯ್ದು, ನಡುವಿನ ಕುಡಿಯನ್ನು ಬಿಡಿರಿ. ಮಾರ್ಚ್ ತಿಂಗಳಲ್ಲಿ ಅದೇ ಮಡಿಗಳಲ್ಲಿ ಕೋಸು, ಟೊಮೇಟೊಗಳ ಸಸಿಗಳನ್ನು ಎಬ್ಬಿಸಿ, ಬೇಸಿಗೆಯಾದ ಕೂಡಲೆ ಹಾಳೆಯನ್ನು ಬಿಚ್ಚಿ ತೊಳೆದು, ನೆರಳಿನಲ್ಲಿ ಸುತ್ತಿಡುವರು.