ಗುಡ್ಡವು ಹೊನಲಾಗಿ ಹರಿಯುವುದೇಕೆ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಜನರು ಮಡಿದುದನ್ನು ಕೇರಳದಲ್ಲಿ ನೆಲೆಸಿರುವ ನಾವಾರೂ ಮರೆಯಲಾರೆವು. ಸುಮಾರು 1,550 ಮೀಟರ್ ಎತ್ತರದಲ್ಲಿ ಕಳಚಿದ ಮಣ್ಣು, ಬಂಡೆಗಳು ಹೊಳೆಯ ಪಾತ್ರದಲ್ಲಿ ಸುಮಾರು 8 ಕಿಲೋಮೀಟರ್ ಸಾಗಿದವು. ಒಣ ಮಣ್ಣು ಕುಸಿದರೆ ಗುಡ್ಡದ ಬುಡದಲ್ಲಿಯೇ ರಾಶಿಯಾಗುತ್ತದೆ. ಇದು ಮಾತ್ರ ಹೊನಲಾಗಿ ಹರಿದುದೇಕೆ? ಹಳೆಯ ವಿದ್ಯಾರ್ಥಿಗಳ ಮುಂದೆ ಮತ್ತೊಂದು ಪಾಠವಾಗಿ ಇದನ್ನು ಇಡಬಯಸುತ್ತೇನೆ.

ಮಣ್ಣಿನ ಕಣಗಳು ಒಂದನ್ನೊಂದು ಅದುಮಿ ನಿಂತಿರುವುದರಿಂದ ಘರ್ಷಣೆಯುಂಟಾಗಿ ಗುಡ್ಡವು ನಿಲ್ಲುತ್ತದೆ. ಕಣಗಳ ಸಂದುಗಳಲ್ಲಿ ನೀರು ತುಂಬಿ ಒತ್ತಡವೇರಿದರೆ ಮೇಲಣ ಭಾರದ ಒಂದು ಪಾಲನ್ನು ನೀರೇ ಹೊರುತ್ತದೆ; ಕಣಗಳ ಹಿಡಿತವು ಅಷ್ಟರಮಟ್ಟಿಗೆ ಸಡಿಲುತ್ತದೆ. 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಅವರು ನಿರೂಪಿಸಿದ ತತ್ತ್ವವಿದು.

ಉರುಳುವ ಬಂಡೆಗಳ ನಡುವೆ ಈ ಒತ್ತಡವನ್ನು ಅಳೆಯುವುದು ಸುಲಭವಲ್ಲ. ಅದಕ್ಕಾಗಿಯೇ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯು 1991ರಲ್ಲಿ ಆರೆಗಾನ್ ರಾಜ್ಯದ ಕಾಡಿನಲ್ಲಿ 95 ಮೀಟರ್ ಉದ್ದ, 2 ಮೀಟರ್ ಅಗಲದ ಕಾಂಕ್ರೀಟ್ ಕಾಲುವೆಯನ್ನು 31 ಡಿಗ್ರಿ ಇಳಿಜಾರಿನಲ್ಲಿ ನಿರ್ಮಿಸಿತು. ಅದರ ತಳದಲ್ಲಿರುವ ಒಂದು ಮಾಪಕವು ಒಟ್ಟು ಭಾರವನ್ನು ಅಳೆದರೆ, ಜಾಲರಿ ಹೊದಿಸಿದ ರಂಧ್ರದ ಕೆಳಗಿನ ಇನ್ನೊಂದು ಮಾಪಕವು ನೀರಿನ ಒತ್ತಡವನ್ನಷ್ಟೇ ಗುರುತಿಸುತ್ತದೆ.

ಒಂದು ಲೆಕ್ಕ ನೋಡೋಣ. ಕಲ್ಲುಕೆಸರಿನ ಹೊನಲು 1 ಮೀಟರ್ ಆಳವಿದ್ದು, ನೀರಿಗಿಂತ ಎರಡು ಪಟ್ಟು ಸಾಂದ್ರವಾಗಿದೆಯೆನ್ನಿ. ಇಳಿಜಾರನ್ನು ಸದ್ಯಕ್ಕೆ ಬಿಟ್ಟರೆ ತಳದ ಮೇಲಿನ ಭಾರ 2 ಮೀಟರ್ ನೀರಿನಷ್ಟು. ನೀರಿನ ಮಾಪಕವು 1 ಮೀಟರ್ ತೋರಿಸಿದರೆ ಉಳಿದರ್ಧ ಭಾರ ಕಣಗಳ ಮೇಲಿದೆ; 2ರ ಸಮೀಪ ತೋರಿಸಿದರೆ ಕಣಗಳು ತೇಲುತ್ತಿವೆ, ಘರ್ಷಣೆ ನಾಮಮಾತ್ರ.

ಪ್ರಯೋಗಗಳಲ್ಲಿ ಕಂಡುಬಂದುದೂ ಇದೇ. ಹೊನಲಿನ ಮುಂಭಾಗದಲ್ಲಿ ದೊಡ್ಡ ಕಲ್ಲುಗಳು ಸೇರುತ್ತವೆ; ಅಲ್ಲಿ ನೀರಿನ ಒತ್ತಡ ಅತ್ಯಲ್ಪ. ಹಿಂಭಾಗದಲ್ಲಿ ಒತ್ತಡವು ಒಟ್ಟು ಭಾರವನ್ನು ಬಹುಮಟ್ಟಿಗೆ ಹೊರುವಷ್ಟಿದ್ದು, ದ್ರವದಂತಾದ ಕೆಸರು ಮುಂದಿನ ಕಲ್ಲುಗಳನ್ನು ನೂಕುತ್ತದೆ. ನುಣ್ಣನೆಯ ಮಣ್ಣು ಹೆಚ್ಚಿದ್ದರೆ ನೀರು ಬೇಗ ಬಸಿಯದು, ಒತ್ತಡವು ಇಳಿಯದು, ಹೊನಲು ದೂರ ಸಾಗುತ್ತದೆ.

ಹರಿಯತೊಡಗಿದ ಮೇಲೆ ತಪ್ಪಿಸಿಕೊಳ್ಳಲು ಸಮಯವಿರದು. ಆದುದರಿಂದ ಗುಡ್ಡವು ನಿಂತಿರುವಾಗಲೇ ಒತ್ತಡವನ್ನು ಅಳೆಯುವುದು ಲೇಸು. ನಮ್ಮ ಕೇರಳದ ಮೂನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠವು ಅಂತಹ ಮಾಪಕಗಳನ್ನು ನೆಲದೊಳಗೆ ಹೂಳಿ ಎಚ್ಚರಿಕೆಯ ವ್ಯವಸ್ಥೆಯನ್ನು ರೂಪಿಸಿದೆ.

ಮಾಪಕವಿಲ್ಲದ ಮನೆಗಳಿಗೂ ಈ ಪಾಠ ಅನ್ವಯಿಸುತ್ತದೆ. ಗುಡ್ಡ ಕಡಿದು ಮನೆ ಕಟ್ಟಿದವರು ಮಳೆಗಾಲಕ್ಕೆ ಮುನ್ನ ಮೇಲಣ ಚರಂಡಿಯನ್ನು ಬಿಡಿಸಲಿ. ತಡೆಗೋಡೆಯಲ್ಲಿ ನೀರು ಬಸಿಯುವ ಕಂಡಿಗಳನ್ನು ಮುಚ್ಚದಿರಲಿ. ಬಿರುಕು ಕಂಡರೆ, ಹೊಸ ಒರತೆ ಚಿಮ್ಮಿದರೆ ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಮೊದಲು ಅಲ್ಲಿಂದ ಹೊರಡಲಿ.