ಡಾಕ್ಟರು ಏನು ಕೇಳಿದರು?

ಕೂಸೇ,

ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ ಎಂದು ಕೊಯಮತ್ತೂರಿನ ಕೆಲಸ ಬಿಟ್ಟು ಹಟ್ಟಿಗೆ ಬಂದಿದ್ದೀಯ. ಬಂದವಳೇ ಮಂಜೂರಿನಲ್ಲಿ ಯಾವ ಡಾಕ್ಟರು ಒಳ್ಳೆಯವರು ಅಂತ ಕೇಳಿದೆ. ಹೆಸರು ಹೇಳಲಾರೆ. ನೀಲಗಿರಿಯ ನಮ್ಮ ಕುಂದೆ ಸೀಮೆಗೆ ಡಾಕ್ಟರುಗಳು ಬರುತ್ತಾರೆ, ಚಳಿಗೋ ವರ್ಗಕ್ಕೋ ಕೆಳಗಿಳಿದು ಹೋಗುತ್ತಾರೆ. ಇವತ್ತು ನಾನು ಹೇಳಿದ ಹೆಸರು ಬರುವ ಮಳೆಗಾಲದ ಹೊತ್ತಿಗೆ ಬೋರ್ಡಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾರೇ ಬರಲಿ, ಅವರನ್ನು ಹೇಗೆ ನೋಡಬೇಕು ಅನ್ನುವುದನ್ನು ಹೇಳುತ್ತೇನೆ.

ಬಜಾರಿನಲ್ಲಿ ಕೇಳಿದರೆ ಎಲ್ಲರೂ ಕೈಗುಣದ ಮಾತೇ ಆಡುತ್ತಾರೆ. 'ಅವರು ಮುಟ್ಟಿದರೆ ಸಾಕು, ಜ್ವರ ಇಳಿಯುತ್ತದೆ' ಅನ್ನುತ್ತಾರೆ. ನೆಗಡಿ, ಮೈಕೈ ನೋವಿನ ಜ್ವರಗಳಲ್ಲಿ ಬಹುಪಾಲು ಮೂರರಿಂದ ಐದು ದಿನಕ್ಕೆ ತಾವಾಗಿಯೇ ಇಳಿಯುತ್ತವೆ. ಮೂರನೆಯ ದಿನ ಯಾರ ಹತ್ತಿರ ಹೋದೆವೋ ಅವರಿಗೆ ಕೈಗುಣ ಬಂತು. ಬಾಗಿಲ ಮುಂದಿನ ಜನವನ್ನು ನೋಡಿಯೂ ಅಳೆಯಬೇಡ. ಹೋದವರಿಗೆಲ್ಲ ಸೂಜಿ ಹಾಕಿ, ಸುಸ್ತು ಎಂದವರಿಗೆಲ್ಲ ಗ್ಲೂಕೋಸ್ ಏರಿಸುವ ಕಡೆ ಜನ ಸೇರುವುದು ಸಹಜ. ಬಾಯಲ್ಲಿ ಗಂಜಿ ಕುಡಿಯಬಲ್ಲವರಿಗೆ ಆ ಬಾಟಲಿಯಿಂದ ಹೆಚ್ಚೇನೂ ಸಿಗುವುದಿಲ್ಲ. ಹಾಗೆಯೇ, ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧ. ಆಂಟಿಬಯೋಟಿಕ್ ಪಟ್ಟಿಗಳ ಮೇಲೂ ಆ ಗೆರೆ ಇರುತ್ತದೆ. ನೆಗಡಿಗೆಲ್ಲ ಅದನ್ನೇ ಬರೆಯುವವರನ್ನು ಯಾಕೆ ಬರೆದಿರಿ ಅಂತ ಕೇಳು. ಕೇಳಿದ್ದಕ್ಕೆ ಸಿಡುಕಿದರೆ ಅದೂ ಒಂದು ಉತ್ತರವೇ.

ನಾನು ಮೊದಲು ಗಮನಿಸುವುದು ಅವರು ಏನು ಕೇಳಿದರು ಅನ್ನುವುದನ್ನು. ಮಧ್ಯಪ್ರದೇಶದ ಹಳ್ಳಿಗಳಲ್ಲಿಯೂ ದಿಲ್ಲಿಯಲ್ಲಿಯೂ ತರಬೇತಿ ಕೊಟ್ಟ ಜನರನ್ನು ಎದೆನೋವು, ಉಬ್ಬಸ, ಮಗುವಿನ ಭೇದಿ ಅಂತ ರೋಗಿಗಳ ವೇಷದಲ್ಲಿ ಕಳಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಬಂತು. ಹಳ್ಳಿಯ ಕಡೆ ಒಬ್ಬರಿಗೆ ಸಿಕ್ಕ ಹೊತ್ತು ಸರಾಸರಿ 3.6 ನಿಮಿಷ, ಕೇಳಲೇಬೇಕಾದ ಪ್ರಶ್ನೆ, ಮಾಡಲೇಬೇಕಾದ ಪರೀಕ್ಷೆಗಳಲ್ಲಿ ನಡೆದದ್ದು ಮೂರನೆಯ ಒಂದು ಭಾಗದಷ್ಟು. ಹಾಗಾಗಿ ನಿಮಿಷ ಎಣಿಸುವುದಕ್ಕಿಂತ ಪ್ರಶ್ನೆ ಎಣಿಸು. ಕೆಮ್ಮು ಎಂದಾಗ ಎಷ್ಟು ದಿನದಿಂದ ಅಂತ ಕೇಳಿದರೇ? ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಬರೆಯದೆ ಮತ್ತೊಂದು ಸಿರಪ್ ಬರೆದವರ ಹತ್ತಿರ ನಾನಾದರೆ ಹೋಗುವುದಿಲ್ಲ. ಈ ಮಂಜಿನಲ್ಲಿ ಕೆಮ್ಮು ಎಲ್ಲರಿಗೂ ಇದ್ದದ್ದೇ ಅಂದುಕೊಂಡರೆ ಟಿಬಿ ಬಚ್ಚಿಟ್ಟುಕೊಳ್ಳುತ್ತದೆ.

ಬಿಪಿ ನೋಡುವ ರೀತಿಯಲ್ಲೂ ಗೊತ್ತಾಗುತ್ತದೆ. ಅಮ್ಮ ಬಸ್ ಸ್ಟ್ಯಾಂಡಿನಿಂದ ಏರು ಹತ್ತಿ ಏದುಸಿರಿನಲ್ಲಿ ಬಂದು ಕೂತ ಕೂಡಲೇ ಪಟ್ಟಿ ಸುತ್ತಿದರೆ ಲೆಕ್ಕ ಏರಿಯೇ ಇರುತ್ತದೆ. ಐದು ನಿಮಿಷ ಕೂರಿಸಿ, ಸ್ವೆಟರಿನ ತೋಳು ಬಿಡಿಸಿ, ತೋಳು ಎದೆಯ ಮಟ್ಟಕ್ಕೆ ಇರಿಸಿ, ಹೆಚ್ಚು ಬಂದರೆ ಇನ್ನೊಮ್ಮೆ ನೋಡಬೇಕು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಆಕ್ಸಿಜನ್ ನೋಡುವಾಗಲೂ ಬೆರಳು ಬೆಚ್ಚಗಿರಬೇಕು. ಮರಗಟ್ಟಿದ ಬೆರಳಿನಲ್ಲಿ ಅದು ಸುಳ್ಳು ಹೇಳುವುದುಂಟು. ಅಪ್ಪನ ವಿಷಯಕ್ಕೆ ಬಂದರೆ, 'ಬೂಟು, ಸಾಕ್ಸು ತೆಗೆಯಿರಿ, ಕಾಲು ನೋಡಬೇಕು' ಎಂದ ಡಾಕ್ಟರಿಗೆ ನಾನು ಅರ್ಧ ಅಂಕ ಅಲ್ಲಿಯೇ ಕೊಟ್ಟುಬಿಡುತ್ತೇನೆ. ಶುಗರಿನವರ ಪಾದದ ಹುಣ್ಣು ನೋವಿಲ್ಲದೆ ಬೆಳೆಯುತ್ತದೆ, ತೋಟದಲ್ಲಿ ದಿನವಿಡೀ ಬೂಟಿನೊಳಗಿದ್ದ ಕಾಲನ್ನು ಮನೆಯಲ್ಲಿ ಯಾರೂ ನೋಡುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಒಳಪರೆ, ಮೂತ್ರದಲ್ಲಿ ಪ್ರೋಟೀನು, ವರ್ಷಕ್ಕೆ ಎರಡು ಸಲವಾದರೂ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಆಗಬೇಕು. 2021ರಿಂದ ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮಾತ್ರೆ ಮನೆ ಬಾಗಿಲಿಗೇ ಬರುತ್ತಿದೆ, ದೊಡ್ಡ ಉಪಕಾರ. ಆದರೆ ಮಾತ್ರೆ ಬಂತು ಅಂತ ಪರೀಕ್ಷೆ ಬಿಡುವವರೂ ಹೆಚ್ಚಾಗಿದ್ದಾರೆ.

ಭಾಷೆಯ ವಿಷಯವೂ ಇದೆ. ಬಯಲಿನಿಂದ ಬಂದ ಡಾಕ್ಟರಿಗೆ ತಮಿಳು ಬರುತ್ತದೆ. ಹಟ್ಟಿಯ ಮುದುಕಿಗೆ, ಇರುಳರ, ಕುರುಂಬರ ಹೆಂಗಸಿಗೆ ಒಳಗಿನ ನೋವನ್ನು ತಮಿಳಿನಲ್ಲಿ ಹೇಳಲು ಬರುವುದಿಲ್ಲ. ಗೂಡಲೂರಿನ ಆದಿವಾಸಿ ಆಸ್ಪತ್ರೆಯನ್ನು ನೋಡು. ಡಾ. ನಂದಕುಮಾರ್ ಮೆನನ್, ಡಾ. ಶೈಲಾ ದಂಪತಿ ಅಶ್ವಿನಿ ಸಂಸ್ಥೆಯ ಮೂಲಕ 1990ರಲ್ಲಿ ಆರಂಭಿಸಿದ ಅದರಲ್ಲಿ ಆದಿವಾಸಿ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನರ್ಸುಗಳನ್ನಾಗಿ ಮಾಡಿದರು. ಡಾಕ್ಟರಿಗೆ ನಮ್ಮ ಮಾತು ಬರಲೇಬೇಕು ಅನ್ನುವುದಿಲ್ಲ. ಆದರೆ 'ಏನಂದರು?' ಅಂತ ಪಕ್ಕದ ನರ್ಸನ್ನು ತಿರುಗಿ ಕೇಳುತ್ತಾರೋ ಇಲ್ಲವೋ ನೋಡು. ನೀನು ಜೊತೆಗಿರುವಾಗ ಅಮ್ಮನನ್ನು ಬಿಟ್ಟು ನಿನ್ನೊಡನೆಯೇ ಮಾತಾಡಿದರೆ, 'ಅವರನ್ನೇ ಕೇಳಿ ಸಾರ್' ಅನ್ನು.

ಇಷ್ಟೆಲ್ಲ ಯಾವ ಊರಿಗಾದರೂ ಹೊಂದುವ ಮಾತು. ಮಂಜೂರಿಗೆ ಬೇಕಾದ ಬುದ್ಧಿ ಬೇರೆ ಒಂದಿದೆ: ಕಳಿಸಬೇಕಾದಾಗ ಕಳಿಸುವ ಬುದ್ಧಿ. ಊಟಿಗೆ ತಿರುವಿನ ದಾರಿಯಲ್ಲಿ 30 ಕಿ.ಮೀ.ಗೂ ಹೆಚ್ಚು. ಇನ್ನೊಂದು ಕಡೆ ಗೆದ್ದೆ, ಮುಳ್ಳಿ ದಾಟಿ ಕಾರಮಡೈಗೆ ಇಳಿಯುವ ದಾರಿ, ಕತ್ತಲಾದರೆ ಆನೆ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 820 ಮಿ.ಮೀ. ಮಳೆ ಸುರಿದದ್ದು ನಿನಗೂ ನೆನಪಿರಬೇಕು, ಅಂಥ ಮಳೆಯಲ್ಲಿ ದಾರಿಯನ್ನು ನಂಬುವಂತಿಲ್ಲ. 2025ರ ಏಪ್ರಿಲ್‌ನಿಂದ ಊಟಿಯಲ್ಲಿ 700 ಹಾಸಿಗೆಯ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಸರಿ. ಅಲ್ಲಿಗೆ ತಲುಪುವ ಹೊತ್ತನ್ನು ಲೆಕ್ಕ ಹಾಕಬೇಕಾದವರು ಇಲ್ಲಿ ಮೊದಲು ನೋಡಿದ ಡಾಕ್ಟರು. ಬೆಳಿಗ್ಗೆ ಹತ್ತಕ್ಕೆ ಎದೆಯುರಿ ಎಂದು ಬಂದವರಿಗೆ ಕೂಡಲೇ ಇಸಿಜಿ ತೆಗೆಯದೆ ಗ್ಯಾಸಿನ ಸೂಜಿ ಹಾಕಿ, ಸಂಜೆ ಮಂಜು ಕವಿದ ಮೇಲೆ 'ಊಟಿಗೆ ಕರೆದುಕೊಂಡು ಹೋಗಿ' ಎಂದರೆ ಹೃದಯಕ್ಕೆ ಬೇಕಿದ್ದ ಹೊತ್ತು ಹೋಗಿಯೇ ಬಿಟ್ಟಿತು. 'ಇದು ನನ್ನ ಕೈಯಲ್ಲಿ ಆಗುವುದಲ್ಲ, ಈಗಲೇ ಹೊರಡಿ' ಎಂದು 108ಕ್ಕೆ ತಾವೇ ಫೋನ್ ಮಾಡಿ, ಕೊಟ್ಟ ಔಷಧ, ಕೊಟ್ಟ ಗಂಟೆ ಬರೆದ ಚೀಟಿಯನ್ನು ಇಸಿಜಿ ಜೊತೆ ಕೈಗಿಡುವವರೇ ಈ ಬೆಟ್ಟಕ್ಕೆ ತಕ್ಕ ಡಾಕ್ಟರು. ನಮ್ಮ ಜನ ಅಂಥವರನ್ನು 'ಏನೂ ಗೊತ್ತಿಲ್ಲ, ಎಲ್ಲದಕ್ಕೂ ಊಟಿ' ಎಂದು ಹಂಗಿಸುತ್ತಾರೆ. ನೀನು ಆ ಮಾತಿಗೆ ತಲೆ ಆಡಿಸಬೇಡ.

ನಾಯಿ ಕಚ್ಚಿದಾಗಲೂ ನೋಡು. ಕುನೂರಿನ ಪಾಶ್ಚರ್ ಸಂಸ್ಥೆ 1907ರಿಂದ ನಮ್ಮ ಬೆಟ್ಟದಲ್ಲೇ ಇದೆ, ಹುಚ್ಚುನಾಯಿ ರೋಗಕ್ಕೆಂದೇ ಹುಟ್ಟಿದ್ದು. ಆದರೂ ಹೊಕ್ಕುಳ ಸುತ್ತ 14 ಸೂಜಿ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಆ ಹಳೆಯ ಲಸಿಕೆಯನ್ನು ದೇಶದಲ್ಲಿ 2004ರಲ್ಲೇ ನಿಲ್ಲಿಸಿದರು. ಈಗ ತೋಳಿಗೆ ಹಾಕುತ್ತಾರೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದಿರೇ ಎಂದು ಮೊದಲು ಕೇಳುವ ಕ್ಲಿನಿಕ್ಕು ಸರಿಯಾದದ್ದು.

ಇನ್ನು ಸಣ್ಣಪುಟ್ಟವು. ನಮ್ಮ ರಾಜ್ಯದಲ್ಲಿ ಸರ್ಕಾರಿ ಡಾಕ್ಟರು ಕೆಲಸದ ಹೊತ್ತು ಮುಗಿದ ಮೇಲೆ ಸ್ವಂತ ಕ್ಲಿನಿಕ್ ನಡೆಸಬಹುದು, ತಪ್ಪೇನಿಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಾಡಬಹುದಾದದ್ದಕ್ಕೆ 'ಸಂಜೆ ಬನ್ನಿ' ಅನ್ನುತ್ತಾರಾ ಅಷ್ಟು ಗಮನಿಸು. ಚೀಟಿಯಲ್ಲಿ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಬೇಕು, ಔಷಧದ ಮೂಲ ಹೆಸರು ಓದುವಂತಿರಬೇಕು. ಚೀಟಿಯನ್ನು ಕೊಡದೆ ಪೊಟ್ಟಣ ಕಟ್ಟಿಕೊಡುವವರು ಎಷ್ಟು ಒಳ್ಳೆಯ ಮಾತಾಡಿದರೂ ಬೇಡ. ರಾತ್ರಿ ಊಟಿಯಲ್ಲಿ 'ಏನು ಕೊಟ್ಟರು?' ಎಂದು ಕೇಳಿದರೆ ಬಿಳಿ ಮಾತ್ರೆ, ಹಳದಿ ಮಾತ್ರೆ ಅಂತ ಹೇಳಬೇಕಾಗುತ್ತದೆ.

ಮೊದಲ ಸಲ ಹೋಗುವಾಗ ಅಪ್ಪ ನುಂಗುವ ಎಲ್ಲ ಮಾತ್ರೆಯನ್ನೂ, ನಾಟಿ ಔಷಧಿಯನ್ನೂ ಸೇರಿಸಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗು. ಚೀಲವನ್ನು ಮೇಜಿನ ಮೇಲೆ ಸುರಿದು, ಒಂದೊಂದಾಗಿ ನೋಡಿ, 'ಇದು ಇನ್ನು ಬೇಡ' ಎಂದು ಒಂದನ್ನಾದರೂ ಪಕ್ಕಕ್ಕೆ ಇಟ್ಟರೆ ಸಂಜೆ ನನಗೆ ಫೋನ್ ಮಾಡು. ಯಾರೆಂದು ನನಗೂ ತಿಳಿಯಲಿ, ನನ್ನ ಚೀಲವೂ ದೊಡ್ಡದಾಗಿದೆ.