ವಿಭೂತಿ ಬುಧವಾರದ ಒಂದು ಪ್ರಶ್ನೆ



2025ನೇ ಇಸವಿಯ ಕ್ಯಾಲೆಂಡರನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಫೆಬ್ರವರಿ 26ರಂದು ಮಹಾಶಿವರಾತ್ರಿ. ಮಾರ್ಚ್ 2ರಂದು ರಂಜಾನ್ ಉಪವಾಸದ ಮೊದಲ ದಿನ. ಮಾರ್ಚ್ 5ರಂದು ನಮ್ಮ ವಿಭೂತಿ ಬುಧವಾರ. ಎಂಟು ದಿನಗಳೊಳಗೆ ಮೂರು ಧರ್ಮಗಳ ಉಪವಾಸ! ಹೊಳಲು, ಹೂವಿನಹಡಗಲಿ, ಕೊಟ್ಟೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಈ ಮೂರೂ ಒಂದೇ ಬೆಂಚಿನ ಮೇಲೆ ಕುಳಿತಿರಲು ಸಾಧ್ಯವಿತ್ತು.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಪೂಜೆಯಲ್ಲಿ ಹಣೆಗೆ ಬೂದಿಯ ಶಿಲುಬೆ ಗುರುತು ಹಾಕಿಸಿಕೊಂಡ ಕಥೋಲಿಕ ಹುಡುಗಿ ಎಂಟನೇ ತರಗತಿಗೆ ಬರುತ್ತಾಳೆ. ದಿನವೂ ಮೂರು ಬೆರಳಿನಿಂದ ವಿಭೂತಿ ಧರಿಸುವ ಲಿಂಗಾಯತ ಗೆಳತಿ ಬೆರಗಿನಿಂದ ಕೇಳುತ್ತಾಳೆ: "ನಿಮ್ಮಾಗೂ ವಿಭೂತಿ ಹಚ್ಕೊಂತಾರೇನೇ?" ಹುಡುಗಿ ತಬ್ಬಿಬ್ಬಾಗಿ ಮೌಲ್ಯಶಿಕ್ಷಣದ ಟೀಚರ್ ಕಡೆಗೆ ನೋಡುತ್ತಾಳೆ.

ಟೀಚರ್ ಏನು ಹೇಳಬೇಕು?

"ಎಲ್ಲಾ ಒಂದೇ ಅಮ್ಮಾ, ದೇವರೊಬ್ಬನೇ ನಾಮ ಹಲವು" ಎಂದು ಹೇಳಿ ಮುಗಿಸುವುದು ಸುಲಭ. ನಮ್ಮಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ಕೇಳಲು ಹಿತವಾದ ಮಾತು. ಆದರೆ ಅದರಿಂದ ಇಬ್ಬರು ಹುಡುಗಿಯರೂ ಏನನ್ನೂ ಕಲಿಯಲಿಲ್ಲ. "ಅವರದು ಬೇರೆ, ನಮ್ಮದು ಬೇರೆ, ಪುಸ್ತಕ ತೆಗಿ" ಎಂದು ಗದರಿಸುವುದು ಇನ್ನೂ ಕೆಟ್ಟದ್ದು. ಮಗು ಪ್ರೀತಿಯಿಂದ ಕೇಳಿದ ಪ್ರಶ್ನೆ ತಪ್ಪು ಎಂಬಂತಾಯಿತು.

ನಿಜ ಸಂಗತಿಯನ್ನೇ ಹೇಳಿದರೆ ಎಷ್ಟು ಸೊಗಸಾಗಿರುತ್ತದೆ ನೋಡಿ. ಲಿಂಗಾಯತರಿಗೆ ವಿಭೂತಿಯು ಗುರು, ಲಿಂಗ, ಜಂಗಮರೊಂದಿಗೆ ಅಷ್ಟಾವರಣಗಳಲ್ಲಿ ಒಂದು. ಭಕ್ತರನ್ನು ಕಾಯುವ ಕವಚ, ನಿತ್ಯದ ಲಾಂಛನ. ನಮ್ಮ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದ್ದು. ಜಯಘೋಷದ ಗರಿಯೇ ಬೂದಿಯಾಗಿ, ನಾವು ಮಣ್ಣಿಗೆ ಸೇರುವವರೆಂದು ನೆನಪಿಸಿ, ಪಶ್ಚಾತ್ತಾಪಕ್ಕೆ ಕರೆಯುತ್ತದೆ. ಎರಡೂ ಬೂದಿಯೇ, ಎರಡೂ ಹಣೆಯ ಮೇಲೆಯೇ. ಹೇಳುವ ಮಾತು ಮಾತ್ರ ಬೇರೆ. ಇಷ್ಟನ್ನು ತಿಳಿದ ಲಿಂಗಾಯತ ಹುಡುಗಿಗೆ ತನ್ನ ವಿಭೂತಿಯ ಮೇಲೂ ಗೌರವ ಹೆಚ್ಚೀತೇ ಹೊರತು ಕಡಿಮೆಯಾಗದು. ನಮ್ಮ ಹುಡುಗಿಗಂತೂ, ತನ್ನ ಜ್ಞಾನೋಪದೇಶವನ್ನು ಗೆಳತಿಯೇ ಮತ್ತೊಮ್ಮೆ ಕಲಿಸಿದಂತಾಯಿತು.

ಅದೇ ಬೆಂಚಿನ ಮುಸ್ಲಿಂ ಹುಡುಗನ ವಿಷಯ ತೆಗೆದುಕೊಳ್ಳಿ. ಪ್ರಾಯಕ್ಕೆ ಬಂದವನಾದರೆ ಅವನಿಗೆ ರೋಜಾ ಕರ್ತವ್ಯ. ಹಗಲಿಡೀ ನೀರೂ ಇಲ್ಲ. ಕಥೋಲಿಕರಿಗೆ ಉಪವಾಸದ ಕಟ್ಟಳೆ ಅನ್ವಯವಾಗುವುದು ಹದಿನೆಂಟು ತುಂಬಿದ ಮೇಲೆ, ಮಾಂಸ ವರ್ಜಿಸುವ ಕಟ್ಟಳೆ ಹದಿನಾಲ್ಕು ತುಂಬಿದ ಮೇಲೆ. ಹದಿಮೂರರ ಆ ಮುಸ್ಲಿಂ ಹುಡುಗನ ಮುಂದೆ ನಮ್ಮ ತಪಸ್ಸುಕಾಲದ ಬಗ್ಗೆ ಜಂಭ ಕೊಚ್ಚುವಂತಿಲ್ಲ! ಆದರೆ ಅವನನ್ನು ಎಬ್ಬಿಸಿ ನಿಲ್ಲಿಸಿ "ಇಸ್ಲಾಂ ಧರ್ಮದ ಬಗ್ಗೆ ಹೇಳಪ್ಪಾ" ಎನ್ನಬೇಡಿ. ಅವನು ಮೌಲ್ವಿಯಲ್ಲ, ಹಸಿದ ಹುಡುಗ. ಆಟದ ಪೀರಿಯಡ್‌ನಲ್ಲಿ ಅವನಿಗೆ ನೆರಳು ಕೊಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. "ನಿಮ್ಮ ಮನೆಯಲ್ಲಿ ಏನು ಆಚರಿಸುತ್ತೀರಿ?" ಎಂದು ಸಾಲಾಗಿ ಎಲ್ಲರನ್ನೂ ಕೇಳಬೇಡಿ. ನಮ್ಮ ಕಡೆ ಆ ಉತ್ತರದಿಂದ ಜಾತಿ ಹೊರಬೀಳುತ್ತದೆ. ಊರ ಗುಡಿಯ ಹೊರಗೆ ನಿಲ್ಲುವ ಮನೆಯ ಮಗು ಏನು ಹೇಳೀತು? ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆಯೇ ನಿಷೇಧಿಸಿದ್ದರೂ, ತಂದೆಯ ಹೆಸರು ಕೇಳಿದೊಡನೆ ತಲೆ ತಗ್ಗಿಸುವ ಮಕ್ಕಳು ಈ ತಾಲ್ಲೂಕುಗಳಲ್ಲಿ ಇದ್ದಾರೆ. ತಾನಾಗಿ ಹೇಳುವವರ ಮಾತು ಕೇಳೋಣ. ಸುಮ್ಮನಿರುವ ಮಗುವಿನ ಮೌನಕ್ಕೂ ಮರ್ಯಾದೆ ಇರಲಿ.

ಕಾನೂನಿನ ಮಾತೂ ತಿಳಿದಿರಲಿ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ನಮ್ಮ ಶಾಲೆಗಳಲ್ಲಿಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅಂಥ ಬೋಧನೆಗೆ ಕೂರಿಸುವಂತಿಲ್ಲ. 2022ರಲ್ಲಿ ಬೆಂಗಳೂರಿನ ಕ್ರೈಸ್ತ ಶಾಲೆಯೊಂದರ ಪ್ರವೇಶಪತ್ರದಲ್ಲಿ ಬೈಬಲ್ ಕುರಿತು ಇದ್ದ ಷರತ್ತು ದೊಡ್ಡ ವಿವಾದವಾದದ್ದು ನೆನಪಿರಬಹುದು. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮಬೋಧನೆ ಬೇರೆ ಎಂಬುದನ್ನು ಅರುಣಾ ರಾಯ್ ಪ್ರಕರಣದ 2002ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಬೆಂಚಿನ ಮೇಲಿನ ನಮ್ಮ ಮಾತುಕತೆ ಮೊದಲನೆಯ ಬಗೆಯದು.

ಕಾನೂನಿಗೆ ಅಂಜಿ ಮಾತ್ರ ಹೀಗೆ ನಡೆಯಬೇಕೆಂದಲ್ಲ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದೇ ಸಾರಿತು. ಕ್ರೈಸ್ತ ಶಿಕ್ಷಣವನ್ನು ಕುರಿತ ಘೋಷಣೆ ಹೊರಬಿದ್ದದ್ದೂ ಅದೇ ದಿನ. ಅದಕ್ಕೂ ಬಹಳ ಹಿಂದೆ ಪ್ರಭು ಯೇಸು ರೋಮಿನ ಶತಾಧಿಪತಿಯ ವಿಶ್ವಾಸವನ್ನು ಕಂಡು ಬೆರಗಾದರು. ಅಂಥದ್ದನ್ನು ತಮ್ಮ ಜನರಲ್ಲೇ ಕಾಣಲಿಲ್ಲವೆಂದರು. ಆ ಪರಧರ್ಮೀಯನ ಮಾತನ್ನೇ ನಾವು ಪ್ರತಿ ಬಲಿಪೂಜೆಯಲ್ಲೂ ಪರಮಪ್ರಸಾದ ಸ್ವೀಕರಿಸುವ ಮುನ್ನ ಹೇಳುತ್ತೇವೆ. ಎಷ್ಟು ಜನ ಇದನ್ನು ಗಮನಿಸಿದ್ದೇವೆ?

ತಂದೆತಾಯಿಯರಲ್ಲಿ ಒಂದು ಕೋರಿಕೆ. "ಬೇರೆ ಧರ್ಮದವರ ಜೊತೆ ಕೂತರೆ ನಮ್ಮ ಮಗುವಿನ ವಿಶ್ವಾಸ ಕೆಡುತ್ತದೆ" ಎಂಬ ಅಂಜಿಕೆ ಕೆಲವರಲ್ಲಿದೆ. ಗೆಳತಿ ಪ್ರಶ್ನೆ ಕೇಳಿದಾಗ ನಮ್ಮ ಹುಡುಗಿ ತಬ್ಬಿಬ್ಬಾದದ್ದು ಗೆಳತಿಯಿಂದಲ್ಲ, ಆ ಬೂದಿ ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರೂ ಹೇಳದೇ ಇದ್ದುದರಿಂದ. ನಿಮ್ಮ ಮನೆಯ ಶಿಲುಬೆಗೆ ಸಿಕ್ಕಿಸಿಟ್ಟ ಹೋದ ವರ್ಷದ ಗರಿ ಇನ್ನೂ ಅಲ್ಲೇ ಇದ್ದರೆ, ತಪಸ್ಸುಕಾಲಕ್ಕೆ ಮುಂಚೆ ಅದನ್ನು ಮಗುವಿನ ಕೈಯಿಂದಲೇ ತೆಗೆಸಿ ದೇವಾಲಯಕ್ಕೆ ಕೊಡಿಸಿ. ಸುಡುವಾಗ ಅವಳೂ ಹತ್ತಿರ ನಿಂತು ನೋಡಲಿ. ಗೆಳತಿಯೂ ಬರುತ್ತೇನೆಂದರೆ, ಅವಳ ಮನೆಯವರನ್ನು ಕೇಳಿ ಕರೆದುಕೊಂಡು ಹೋಗಿ.